ಬಸುರಿಯ ಚಿಂತೆ, ಮಗುವಿನ ಊಟದ ಅಲರ್ಜಿ: ನಮ್ಮ ಕರಾವಳಿಯ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ವೈದ್ಯೆ. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಮಕ್ಕಳನ್ನು ಕರೆತರುವ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆಗಳಿವು. ಮೊದಲು ಮಗುವಿನ ಗಂಧೆ, ವಾಂತಿ, ಕೆರೆತದ ಮಾತು ಬರುತ್ತದೆ. ಔಷಧಿ ಚೀಟಿ ಹಿಡಿದು ಬಾಗಿಲ ತನಕ ಹೋದವರು ತಿರುಗಿ ಬಂದು, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೇ ಇಲ್ಲಿ ಮೊದಲ ಉತ್ತರ.

ಬಸುರಿಯಾಗಿದ್ದಾಗ ತುಂಬಾ ಚಿಂತೆ ಮಾಡಿದ್ದೆ, ದಿನಾ ಅಳುತ್ತಿದ್ದೆ. ಈಗ ಮಗುವಿಗೆ ಮೊಟ್ಟೆ ಆಗಿಬರುವುದಿಲ್ಲ. ಇದು ನನ್ನಿಂದಲೇ ಆಯಿತೇ?

ಇಲ್ಲ. ಒಂದು ಮಗುವಿನ ಅಲರ್ಜಿಯನ್ನು ಅದರ ತಾಯಿಯ ಕಣ್ಣೀರಿಗೆ ಗಂಟು ಹಾಕಲು ಯಾವ ವೈದ್ಯರಿಂದಲೂ, ಯಾವ ಪರೀಕ್ಷೆಯಿಂದಲೂ ಆಗುವುದಿಲ್ಲ. ಊಟದ ಅಲರ್ಜಿ ಬರಬೇಕಾದರೆ ಹಲವು ಸಂಗತಿಗಳು ಕೂಡಿಬರಬೇಕು. ಮನೆತನದಲ್ಲಿ ಆಸ್ತಮಾ, ಇಸುಬು, ಸೀನುವ ಅಲರ್ಜಿ ಇರುವುದು, ಎಳೆ ಮಗುವಿನ ಚರ್ಮ ಒಣಗಿ ಒಡೆದಿರುವುದು, ಕರುಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು, ಯಾವ ತಿನಿಸು ಯಾವ ವಯಸ್ಸಿಗೆ ಮೊದಲು ಬಾಯಿಗೆ ಬಿತ್ತು ಎಂಬುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಾಯಿಯ ಮಾನಸಿಕ ಒತ್ತಡಕ್ಕೂ ಇದರಲ್ಲಿ ಸಣ್ಣದೊಂದು ಪಾಲು ಇರಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸುದ್ದಿಯಾಗುವುದು ಆ ಹುಡುಕಾಟವೇ, ಮನೆಯಲ್ಲಿ ಚುಚ್ಚುಮಾತಾಗುವುದೂ ಅದೇ.

ವಿಪರೀತ ಸಂಕಟದಲ್ಲಿ ಬಸಿರು ಕಳೆದವರ ಮಕ್ಕಳಲ್ಲಿ ಬಹುಪಾಲು ಎಲ್ಲವನ್ನೂ ತಿಂದುಕೊಂಡು ಆರಾಮಾಗಿವೆ. ನಗುನಗುತ್ತಾ ಒಂಬತ್ತು ತಿಂಗಳು ಕಳೆದವರ ಮಗುವಿಗೂ ಹಾಲು, ಮೊಟ್ಟೆ ಆಗದೆ ಹೋಗುವುದುಂಟು. ಗಂಡ ಬೋಟಿನಲ್ಲಿದ್ದಾಗ ಗಾಳಿಮಳೆ ಎದ್ದ ರಾತ್ರಿ, ಕಾಳಿ ನದಿಯ ನೀರು ಮನೆಯೊಳಗೆ ಬಂದ 2019ರ ಆಗಸ್ಟ್, ಶಿರೂರಿನಲ್ಲಿ ಗುಡ್ಡ ಕುಸಿದ 2024ರ ಜುಲೈ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಕೂಸಿದ್ದವಳು ಚಿಂತೆ ಮಾಡದೆ ಇನ್ನೇನು ಮಾಡಬೇಕಿತ್ತು? ಚಿಂತೆ ನೀವು ಆರಿಸಿಕೊಂಡದ್ದಲ್ಲ. ಅದರ ಮೇಲೆ ತಪ್ಪಿತಸ್ಥಳೆಂಬ ಭಾರ ಬೇರೆ ಹೊರಬೇಡಿ.

ಹಾಗಾದರೆ ಸಂಶೋಧನೆ ನಿಜವಾಗಿ ಕಂಡುಕೊಂಡದ್ದೇನು?

ಬಸಿರಿನಲ್ಲಿ ದೀರ್ಘಕಾಲ ತೀವ್ರ ಒತ್ತಡ, ಆತಂಕ ಅಥವಾ ಖಿನ್ನತೆ ಇದ್ದ ತಾಯಂದಿರ ಮಕ್ಕಳಲ್ಲಿ ಇಸುಬು, ಉಬ್ಬಸ, ಆಸ್ತಮಾ ಸ್ವಲ್ಪ ಹೆಚ್ಚು ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ದಕ್ಷಿಣ ಕೊರಿಯಾದ ಕೋಕೋವಾ ಎಂಬ ತಾಯಿ-ಮಗು ಅಧ್ಯಯನ ಇಸುಬಿನ ವಿಷಯದಲ್ಲಿ ಇದನ್ನು ತೋರಿಸಿತು. ಕೆನಡಾದ ಕ್ವಿಬೆಕ್‌ನಲ್ಲಿ 1998ರ ಜನವರಿಯಲ್ಲಿ ಭಾರಿ ಹಿಮಮಳೆಯಾಗಿ, ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ, ಕೆಲವೆಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಆಗ ಬಸುರಿಯರಾಗಿದ್ದವರ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಹೆಚ್ಚು ಒತ್ತಡ ಉಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಆಸ್ತಮಾ ಹೆಚ್ಚು ಕಂಡಿತು. ಈ ಅಧ್ಯಯನಕ್ಕೆ ನಾನು ಬೆಲೆ ಕೊಡಲು ಕಾರಣವಿದೆ: ಹಿಮಮಳೆ ಬಡವರು, ಶ್ರೀಮಂತರು ಎಂದು ನೋಡಿ ಸುರಿಯುವುದಿಲ್ಲ.

ಉಳಿದ ಬಹಳಷ್ಟು ಅಧ್ಯಯನಗಳಿಗೆ ಆ ಅನುಕೂಲವಿಲ್ಲ. ಒತ್ತಡದಲ್ಲಿರುವ ಮನೆಯಲ್ಲಿ ಬಡತನ, ಬೀಡಿ ಹೊಗೆ, ನಿದ್ದೆಗೇಡು, ಸರಿಯಾದ ಊಟವಿಲ್ಲದಿರುವುದು ಒಟ್ಟೊಟ್ಟಿಗೆ ಇರುತ್ತವೆ. ಯಾವುದರ ಪರಿಣಾಮ ಎಷ್ಟು ಎಂದು ಬಿಡಿಸುವುದು ಕಷ್ಟ. ಇನ್ನೂ ಒಂದು ಮಾತು: ಇಸುಬು, ಆಸ್ತಮಾ ಬೇರೆ, ಊಟದ ಅಲರ್ಜಿ ಬೇರೆ. ಊಟದ ಅಲರ್ಜಿಯನ್ನೇ ಹಿಡಿದು ಮಾಡಿದ ಅಧ್ಯಯನಗಳು ಕಡಿಮೆ, ಅವುಗಳ ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. "ತಾಯಿಯ ಟೆನ್ಷನ್‌ನಿಂದ ಮಗುವಿಗೆ ಫುಡ್ ಅಲರ್ಜಿ" ಎಂಬ ಒಂದು ಸಾಲಿನ ಸುದ್ದಿ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ.

ತಾಯಿಯ ಚಿಂತೆ ಹೊಟ್ಟೆಯೊಳಗಿನ ಮಗುವಿನ ತನಕ ಹೋಗುವುದಾದರೂ ಹೇಗೆ?

ಒತ್ತಡವಾದಾಗ ನಮ್ಮ ಮೈ ಕಾರ್ಟಿಸೋಲ್ ಎಂಬ ಹಾರ್ಮೋನು ಬಿಡುತ್ತದೆ. ಅದು ಮಗುವಿಗೆ ನೇರವಾಗಿ ಹೋಗದಂತೆ ಮಾಸಿನಲ್ಲಿ (ಪ್ಲಾಸೆಂಟಾ) ಒಂದು ಕಿಣ್ವ ಕಾವಲಿದ್ದು, ಬಹುಪಾಲು ಕಾರ್ಟಿಸೋಲನ್ನು ನಿರುಪದ್ರವಿಯಾಗಿಸುತ್ತದೆ. ಒಂದು ದಿನದ ಜಗಳ, ಒಂದು ರಾತ್ರಿಯ ಹೆದರಿಕೆಯನ್ನು ತಡೆದುಕೊಳ್ಳುವ ಏರ್ಪಾಟು ಮೈಯಲ್ಲೇ ಇದೆ ಎಂದಾಯಿತು. ತಿಂಗಳುಗಟ್ಟಲೆ ಬಿಡದ ಒತ್ತಡದಲ್ಲಿ ಈ ಕಾವಲು ಸಡಿಲವಾಗಿ, ಮಗುವಿನ ರೋಗನಿರೋಧಕ ವ್ಯವಸ್ಥೆ ಅಲರ್ಜಿಯ ಕಡೆಗೆ ವಾಲಬಹುದು ಎಂಬುದು ಒಂದು ವಾದ. ತಾಯಿಯ ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿ, ಹುಟ್ಟುವಾಗ ಮಗುವಿಗೆ ದಾಟುವುದೂ ಬದಲಾಗುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆಧಾರ ಸಿಕ್ಕಿದೆ. ಮನುಷ್ಯರಲ್ಲಿ ಕೊಂಡಿಗಳು ಪೂರ್ತಿ ಕೂಡಿಲ್ಲ.

ಬಸುರಿಯ ಬಯಕೆ ತೀರದಿದ್ದರೆ, ಹೆದರಿದರೆ ಮಗುವಿಗೆ ನಂಜು ಎಂದು ನಮ್ಮ ಅತ್ತೆ ಹೇಳುತ್ತಾರೆ.

ಬಯಕೆ ತೀರಿಸುವ ಪದ್ಧತಿ ಒಳ್ಳೆಯದು, ಬಸುರಿಗೆ ಇಷ್ಟದ ಊಟವೂ ಸಿಗುತ್ತದೆ, ನಾಲ್ಕು ಜನರ ಅಕ್ಕರೆಯೂ ಸಿಗುತ್ತದೆ. ಆದರೆ ತೀರದ ಬಯಕೆಯಿಂದ ಅಲರ್ಜಿ ಬರುವುದಿಲ್ಲ. ಅತ್ತೆಯವರನ್ನೂ ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಎದುರು ಕೂತು ಮಾತಾಡಿದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಮೊಮ್ಮಗುವಿನ ಮೇಲಿನ ಪ್ರೀತಿಯಿಂದಲೇ ಅವರೂ ಕಾರಣ ಹುಡುಕುತ್ತಿರುತ್ತಾರೆ.

ಮಗುವಿಗೆ ಆಗುತ್ತಿರುವುದು ಅಲರ್ಜಿಯೇ ಎಂದು ಗುರುತಿಸುವುದು ಹೇಗೆ?

ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ ಏಳುವುದು, ತುಟಿ ಅಥವಾ ಕಣ್ಣಿನ ರೆಪ್ಪೆ ಊದುವುದು, ಒಂದರ ಹಿಂದೊಂದು ವಾಂತಿ, ಕೆಮ್ಮು, ಉಬ್ಬಸ. ಇವು ಐಜಿಇ ಎಂಬ ಪ್ರತಿಕಾಯದಿಂದಾಗುವ ಅಲರ್ಜಿಯ ಲಕ್ಷಣಗಳು. ಅದೇ ತಿನಿಸು ತಿಂದಾಗಲೆಲ್ಲ ಹೀಗೇ ಆಗುತ್ತದೆ. ಹಸುವಿನ ಹಾಲು, ಮೊಟ್ಟೆ, ಶೇಂಗಾ, ಗೋಡಂಬಿಯಂಥ ಬೀಜಗಳು, ಗೋಧಿ, ಸೋಯಾ, ಮೀನು, ಶೆಟ್ಲಿ (ಸಿಗಡಿ), ಏಡಿ, ಎಳ್ಳು, ಹೆಚ್ಚಿನ ತೊಂದರೆ ಇವುಗಳಿಂದಲೇ. ಕೆಲವು ಶಿಶುಗಳಲ್ಲಿ ಬೇರೆ ಬಗೆಯ ಅಲರ್ಜಿ ಇರುತ್ತದೆ. ಗಂಧೆ ಇರುವುದಿಲ್ಲ, ತಿಂದು ಗಂಟೆಗಳ ಮೇಲೆ ಜೋರು ವಾಂತಿ, ಇಲ್ಲವೇ ಮಲದಲ್ಲಿ ರಕ್ತದ ಗೆರೆ ಕಾಣುತ್ತದೆ. ಅದನ್ನೂ ತೋರಿಸಬೇಕು.

ಕರಾವಳಿಯಲ್ಲಿ ಅಲರ್ಜಿಯ ವೇಷದಲ್ಲಿ ಬರುವ ಬೇರೆ ತೊಂದರೆಗಳಿವೆ. ಬಂಗಡೆ, ತಾರ್ಲೆ, ಕೇದರ ಮೀನುಗಳನ್ನು ಹಿಡಿದ ಮೇಲೆ ಐಸ್‌ನಲ್ಲಿ ಇಡದೆ ಬಿಸಿಲಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮಿನ್ ತಯಾರಾಗುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ಅಂಥ ಮೀನು ತಿಂದರೆ ಮುಖ ಕೆಂಪಾಗಿ, ಮೈ ಕಡಿದು, ತಲೆನೋವು, ಭೇದಿ ಶುರುವಾಗುತ್ತದೆ. ನೋಡಿದರೆ ಥೇಟ್ ಅಲರ್ಜಿ. ವ್ಯತ್ಯಾಸ ಇಷ್ಟೇ: ಒಂದೇ ಸಾರು ಉಂಡ ಅಪ್ಪ, ಅಜ್ಜಿ, ಮಗು ಮೂವರಿಗೂ ಒಟ್ಟಿಗೇ ಆಗಿರುತ್ತದೆ, ಮುಂದಿನ ವಾರ ತಾಜಾ ಬಂಗಡೆ ತಿಂದರೆ ಏನೂ ಆಗುವುದಿಲ್ಲ. ಹಾಗಾಗಿ ಮೀನು ಆಗಲಿಲ್ಲ ಎಂದು ಬಂದವರನ್ನು ನಾನು ಮೊದಲು ಕೇಳುವುದು "ಮನೆಯಲ್ಲಿ ಇನ್ಯಾರಿಗೆ ಆಯಿತು?" ಎಂದೇ. ಇದೊಂದು ಕೇಳದೆ ಮಗುವಿಗೆ ಜನ್ಮವಿಡೀ ಮೀನು ಬಿಡಿಸಿದರೆ ಅನ್ಯಾಯ.

ಗೇರು ಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ತಾಗಿ ಬಾಯಿಯ ಸುತ್ತ ಗುಳ್ಳೆಯೇಳುವುದು ಚರ್ಮದ ತೊಂದರೆ. ಅದೇ ಮಗು ಹುರಿದ ಗೋಡಂಬಿ ತಿಂದು ಆರಾಮಾಗಿರಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಲ್ಯಾಕ್ಟೋಸ್ ಜೀರ್ಣವಾಗದ ಸಮಸ್ಯೆಯಾಗಿರಬಹುದು, ಪ್ರಾಣಕ್ಕೆ ಅಪಾಯವಿಲ್ಲ.

ಶೆಟ್ಲಿ ಆಗದವರಿಗೆ ಮೀನೂ ಆಗಬಾರದು ಎಂದೇನಿಲ್ಲ. ಎರಡರಲ್ಲಿ ಅಲರ್ಜಿ ತರುವ ಪ್ರೋಟೀನು ಬೇರೆ ಬೇರೆ. ಶೆಟ್ಲಿಯದು ಏಡಿಗೆ ಹತ್ತಿರ, ಮನೆಯ ಧೂಳಿನ ನುಸಿಗೂ ಜಿರಲೆಗೂ ಹತ್ತಿರ.

ಲ್ಯಾಬ್‌ನಲ್ಲಿ ಅಲರ್ಜಿ ಪ್ಯಾಕೇಜ್ ಟೆಸ್ಟ್ ಮಾಡಿಸಿದೆವು. ಹತ್ತಾರು ಪದಾರ್ಥ ಪಾಸಿಟಿವ್ ಬಂದಿದೆ. ಎಲ್ಲ ಬಿಡಿಸಬೇಕೇ?

ಬೇಡ, ದಯವಿಟ್ಟು ಬೇಡ.

ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಹಾಲು, ಗೋಧಿ, ತೊಗರಿ, ಟೊಮೆಟೊ, ಬಾಳೆಹಣ್ಣು, ಸಾಲುಸಾಲಾಗಿ ಹಳದಿ ಗುರುತು. ತೊಡೆಯ ಮೇಲೆ ಕೂತಿದ್ದ ಎರಡು ವರ್ಷದ ಹುಡುಗ ಗಂಜಿ, ಉಪ್ಪು, ಬೇಯಿಸಿದ ಸೋರೆಕಾಯಿ ಬಿಟ್ಟು ಬೇರೇನನ್ನೂ ತಿನ್ನುತ್ತಿರಲಿಲ್ಲ. ತಾಯಿ ಕಾರ್ಡಿನಲ್ಲಿ ಅವನ ತೂಕದ ಗೆರೆ ಮೊದಲ ವರ್ಷ ಮೇಲೇರಿ, ರಿಪೋರ್ಟು ಬಂದ ತಿಂಗಳಿಂದ ಮಟ್ಟಸವಾಗಿ ಮಲಗಿತ್ತು. ಇದರಲ್ಲಿ ಯಾವುದು ತಿಂದಾಗ ಏನಾಗಿತ್ತು ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಹಾಲಿಗೆ ಮಾತ್ರ ಗಂಧೆ ಎದ್ದಿತ್ತು. ಉಳಿದದ್ದೆಲ್ಲವನ್ನೂ ರಿಪೋರ್ಟು ಬರುವ ಹಿಂದಿನ ದಿನದ ತನಕ ಅವನು ತಿಂದು ಆಡಿಕೊಂಡಿದ್ದ.

ಟೆಸ್ಟ್ ಪಾಸಿಟಿವ್ ಎಂದರೆ ಮೈ ಆ ಪದಾರ್ಥವನ್ನು ಗುರುತಿಸುತ್ತಿದೆ ಎಂದಷ್ಟೇ ಅರ್ಥ, ತಿಂದರೆ ಅಲರ್ಜಿಯಾಗುತ್ತದೆ ಎಂದಲ್ಲ. ಇದಕ್ಕೆ ನಮ್ಮ ಕರ್ನಾಟಕದ್ದೇ ಸಾಕ್ಷಿಯಿದೆ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದ ಯೂರೋಪ್ರಿವಾಲ್ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಪಾಸಿಟಿವ್ ಬಂದವರು ಶೇ. 26.5, ನಿಜವಾಗಿ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ಅದೇ ಯೋಜನೆಯ 2020ರ ವರದಿಯಲ್ಲಿ ಭಾರತದ ಶಾಲಾ ಮಕ್ಕಳ ಪ್ರಮಾಣ ಶೇ. 0.14, ಹಾಂಗ್‌ಕಾಂಗ್‌ನಲ್ಲಿ ಶೇ. 1.5. ಊಟದ ಅಲರ್ಜಿ ನಮ್ಮಲ್ಲಿ ಇದೆ, ಆದರೆ ಪ್ಯಾಕೇಜ್ ಟೆಸ್ಟುಗಳು ತೋರಿಸುವಷ್ಟು ಇಲ್ಲ.

ಏನು ತಿಂದಾಗ ಏನಾಯಿತು ಎಂಬ ಕಥೆ ಮೊದಲು, ಆ ಕಥೆಗೆ ಹೊಂದುವ ಒಂದೆರಡು ಪರೀಕ್ಷೆ ಆಮೇಲೆ. ಸಂಶಯ ಉಳಿದರೆ ಆಸ್ಪತ್ರೆಯಲ್ಲಿ ವೈದ್ಯರ ಎದುರು ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವುದೇ ಕೊನೆಯ ತೀರ್ಪು. ಮನೆಯಲ್ಲಿ ಅದನ್ನು ಮಾಡಬೇಡಿ. ಐಜಿಜಿ ಎಂಬ ಬೇರೆ ಪ್ರತಿಕಾಯ ನೋಡುವ ಪ್ಯಾನೆಲ್, ಕೂದಲಿನ ಪರೀಕ್ಷೆ ಎನ್ನುವವಕ್ಕೆ ದುಡ್ಡು ಸುರಿಯಬೇಡಿ, ಅಲರ್ಜಿ ಪತ್ತೆಗೆ ಅವು ಕೆಲಸಕ್ಕೆ ಬಾರವು.

ಬಸಿರಿನಲ್ಲಿ ಶೇಂಗಾ, ಮೊಟ್ಟೆ, ಮೀನು ಬಿಟ್ಟರೆ ಮಗುವಿಗೆ ಅಲರ್ಜಿ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಬಸಿರಿನಲ್ಲಾಗಲಿ ಬಾಣಂತಿತನದಲ್ಲಾಗಲಿ ತಾಯಿ ಇವನ್ನು ಬಿಟ್ಟರೆ ಮಗುವಿಗೆ ಲಾಭ ಎಂದು ತೋರಿಸುವ ಗಟ್ಟಿ ಆಧಾರ ಸಿಕ್ಕಿಲ್ಲ. ನಿಮಗೇ ಅಲರ್ಜಿ ಇದ್ದರೆ ಮಾತು ಬೇರೆ. ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ 2017ರಲ್ಲಿ ಶುರುವಾದ ಮಾತೃಪೂರ್ಣ ಊಟದಲ್ಲಿ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸೇರಿಸಿದ್ದು ಪೌಷ್ಟಿಕತೆಗಾಗಿ. "ಮಗುವಿಗೆ ನಂಜು" ಎಂದು ಅದನ್ನು ಪಕ್ಕಕ್ಕಿಡಬೇಡಿ. ತಾರ್ಲೆ, ಬಂಗಡೆಯಂಥ ಚಿಕ್ಕ ಮೀನು ಒಳ್ಳೆಯದು. ಶಾರ್ಕ್ ಜಾತಿಯ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚಿರುವುದರಿಂದ ಅದನ್ನು ಮಾತ್ರ ಬಿಡಿ. ನಮ್ಮ ಬಾಣಂತಿ ಪಥ್ಯ ಕೆಲವು ಮನೆಗಳಲ್ಲಿ ಅನ್ನ, ತುಪ್ಪ, ಕಾಳುಮೆಣಸಿನ ಸಾರಿಗೆ ಬಂದು ನಿಂತಿರುತ್ತದೆ. ಹಾಲೂಡಿಸುವ ಹೆಂಗಸಿಗೆ ಅಷ್ಟು ಸಾಲದು.

ಮಗುವಿಗೆ ಮೊಟ್ಟೆ, ಶೇಂಗಾ, ಮೀನು ಯಾವಾಗ ಶುರು ಮಾಡಬೇಕು? ಮೂರು ವರ್ಷ ಕಾಯಿರಿ ಎಂದು ಕೇಳಿದ್ದೆ.

ಅದು ಹಳೆಯ ಸಲಹೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಅಪಾಯ ಹೆಚ್ಚಿರುವ ಮಕ್ಕಳಿಗೆ ಶೇಂಗಾವನ್ನು ಮೂರು ವರ್ಷದ ತನಕ ಕೊಡಬೇಡಿ ಎಂದಿತ್ತು. 2008ರಲ್ಲಿ ಅದರಿಂದ ಹಿಂದೆ ಸರಿಯಿತು. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಅವರ ತಂಡ ಮಾಡಿದ ಲೀಪ್ ಪ್ರಯೋಗ 2015ರಲ್ಲಿ ಹೊರಬಂದ ಮೇಲಂತೂ ಲೆಕ್ಕವೇ ತಿರುವು ಮುರುವಾಯಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳಲ್ಲಿ ಅರ್ಧದಷ್ಟಕ್ಕೆ ಶೇಂಗಾ ತಿನ್ನಿಸುತ್ತಾ ಬಂದರು, ಉಳಿದವಕ್ಕೆ ಪೂರ್ತಿ ಬಿಡಿಸಿದರು. ಐದು ವರ್ಷಕ್ಕೆ ನೋಡಿದರೆ, ಬಿಟ್ಟವರಲ್ಲಿ ಶೇ. 17ರಷ್ಟು ಮಕ್ಕಳಿಗೆ ಶೇಂಗಾ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ. 3ರಷ್ಟಕ್ಕೆ ಮಾತ್ರ. ತಾಯಿಯ ಒತ್ತಡದ ಬಗ್ಗೆ ಇಷ್ಟು ಖಚಿತವಾದ ಅಂಕಿ ಯಾರ ಬಳಿಯೂ ಇಲ್ಲ ಎಂಬುದನ್ನು ಗಮನಿಸಿ. ನಿಮ್ಮ ಕೈಲಿ ಇರುವುದು ಮುಂದಿನ ತುತ್ತು, ಕಳೆದುಹೋದ ಬಸಿರಿನ ದಿನಗಳಲ್ಲ.

ನಮ್ಮ ಅಡುಗೆಮನೆಯಲ್ಲಿ ಇದು ಸುಲಭ. ಆರು ತಿಂಗಳು ತುಂಬುವ ತನಕ ಎದೆಹಾಲು. ಆಮೇಲೆ ರಾಗಿ ಮಣ್ಣಿ, ಮೆತ್ತಗಿನ ಅನ್ನ-ಬೇಳೆಯ ಜೊತೆಗೇ ಇವೂ ಬರಲಿ. ಶೇಂಗಾ ಹುರಿದು, ಸಿಪ್ಪೆ ಊದಿ, ನುಣ್ಣಗೆ ಪುಡಿ ಮಾಡಿ. ಮೊದಲ ದಿನ ಕಾಲು ಚಮಚೆಗಿಂತ ಕಡಿಮೆ ಪುಡಿಯನ್ನು ಬಿಸಿ ಮಣ್ಣಿಯಲ್ಲಿ ಗಂಟಿಲ್ಲದಂತೆ ಕಲಸಿ, ಚಮಚೆಯ ತುದಿಯಷ್ಟು ನಾಲಿಗೆಗೆ ತಾಗಿಸಿ, ಹತ್ತು ನಿಮಿಷ ಕಾಯಿರಿ. ತುಟಿ, ಕೆನ್ನೆ ನೋಡಿ. ಏನೂ ಇಲ್ಲದಿದ್ದರೆ ಉಳಿದದ್ದನ್ನು ಕೊಡಿ. ಬೆಳಿಗ್ಗೆ ಹೊತ್ತು, ಮಗು ಜ್ವರ-ನೆಗಡಿ ಇಲ್ಲದೆ ಗೆಲುವಾಗಿರುವ ದಿನ, ಎರಡು ತಾಸು ನೀವು ಜೊತೆಗಿರುವಂತೆ ನೋಡಿಕೊಳ್ಳಿ. ಒಂದು ಹೊಸ ತಿನಿಸು ಒಗ್ಗಿದ ಮೇಲೆ ಇನ್ನೊಂದು. ಒಗ್ಗಿದ್ದನ್ನು ವಾರಕ್ಕೆ ಎರಡು ಮೂರು ಸಲ ಕೊಡುತ್ತಲೇ ಇರಬೇಕು. ಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಿ ಕಿವುಚಿ ಕೊಡಿ, ಮೀನನ್ನು ಮುಳ್ಳು ತೆಗೆದು. ಇಡೀ ಶೇಂಗಾ ಕಾಳು, ಗೋಡಂಬಿ ಚೂರು ಐದು ವರ್ಷದ ತನಕ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಮೊಟ್ಟೆ, ಮೀನು ಕೊಡಲೇಬೇಕೆಂದಿಲ್ಲ. ನೀವು ಮನೆಯಲ್ಲಿ ತಿನ್ನುವುದನ್ನು ಮಗುವಿಗೆ ತಡ ಮಾಡಬೇಡಿ ಎಂಬುದಷ್ಟೇ ಮುಖ್ಯ.

ಮಗುವಿಗೆ ಮೈತುಂಬ ಇಸುಬಿದ್ದರೆ, ಇಲ್ಲವೇ ಈಗಾಗಲೇ ಯಾವುದೋ ತಿನಿಸಿಗೆ ಅಲರ್ಜಿಯಾಗಿದ್ದರೆ ಶೇಂಗಾ ಕೊಡುವ ಮುಂಚೆ ವೈದ್ಯರನ್ನು ಕೇಳಿ.

ಇಸುಬಿಗೂ ಊಟದ ಅಲರ್ಜಿಗೂ ಏನು ಸಂಬಂಧ?

ಬಹಳ ಇದೆ. ತಿನಿಸಿನ ಪ್ರೋಟೀನು ಬಾಯಿಯ ಮೂಲಕ ಹೋದರೆ ಮೈ ಅದಕ್ಕೆ ಒಗ್ಗುತ್ತದೆ, ಒಡೆದ ಚರ್ಮದ ಮೂಲಕ ಹೋದರೆ ಅದನ್ನು ಶತ್ರು ಎಂದುಕೊಳ್ಳುತ್ತದೆ. ಲ್ಯಾಕ್ ಅವರ ಈ ವಾದಕ್ಕೆ ಈಗ ಸಾಕಷ್ಟು ಬೆಂಬಲವಿದೆ. ಬ್ರಿಟನ್ನಿನಲ್ಲಿ ಶೇಂಗಾ ಎಣ್ಣೆ ಇದ್ದ ಕ್ರೀಮು ಹಚ್ಚಿಸಿಕೊಂಡ ಶಿಶುಗಳಲ್ಲಿ ಶೇಂಗಾ ಅಲರ್ಜಿ ಹೆಚ್ಚು ಎಂದು 2003ರಲ್ಲೇ ಕಂಡುಬಂದಿತ್ತು. ಆದ್ದರಿಂದ ಇಸುಬಿರುವ ಮಗುವಿಗೆ ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಎಣ್ಣೆ ಹಚ್ಚಿ ತಿಕ್ಕಬೇಡಿ. ಬಾಣಂತಿ ಅಮ್ಮ ಬಂದು ಕುದಿಬಿಸಿ ನೀರು ಹೊಯ್ಯುವ ಮನೆಗಳಲ್ಲಿ ನೀರನ್ನು ಉಗುರುಬೆಚ್ಚಗೆ ಮಾಡಿಸಿ. ಮಿಂದು ಮೈ ಒರೆಸಿದ ಕೂಡಲೇ, ಪಸೆ ಇರುವಾಗಲೇ, ವಾಸನೆಯಿಲ್ಲದ ದಪ್ಪ ಮುಲಾಮು ಹಚ್ಚಿ. ಕೆಂಪಾದ ಕಡೆಗೆ ವೈದ್ಯರು ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿ, ಹೆದರಿ ಅರ್ಧಕ್ಕೆ ಬಿಡಬೇಡಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಗಂಧೆಯ ಜೊತೆಗೆ ಉಸಿರು ಕಟ್ಟುವುದು, ದನಿ ಒಡೆಯುವುದು, ಬಿಡದ ಕೆಮ್ಮು, ಪದೇ ಪದೇ ವಾಂತಿ, ಮೈ ತಣ್ಣಗಾಗಿ ಮಗು ಜೋಲು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಅದು ಅನಾಫಿಲಾಕ್ಸಿಸ್, ಅಂದರೆ ಪ್ರಾಣಕ್ಕೇ ಕುತ್ತು ತರುವ ಅಲರ್ಜಿ. ಕೆಲವೊಮ್ಮೆ ಗಂಧೆ ಏಳದೆಯೂ ಆಗುತ್ತದೆ. ಇದಕ್ಕೆ ಮದ್ದು ಒಂದೇ, ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್. ಪ್ರಮಾಣ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಮನೆಯಲ್ಲಿರುವ ಸೆಟ್ರಿಜಿನ್ ಸಿರಪ್ ಕೆರೆತ ತಗ್ಗಿಸುತ್ತದೆ, ಪ್ರಾಣ ಉಳಿಸುವುದಿಲ್ಲ. ಸಿರಪ್ ಕುಡಿಸಿ ನೋಡೋಣ ಎಂದು ಕಾಯುತ್ತಾ ಕೂರಬೇಡಿ.

108ಕ್ಕೆ ಕರೆ ಮಾಡಿ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳು ದೂರ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವುದೇ ಒಂದು ಸಾಹಸ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಆ ಕೂಗಿಗೆ ನನ್ನ ದನಿಯೂ ಸೇರಿದೆ. ಆದರೆ ಈ ತುರ್ತಿನಲ್ಲಿ ಮೊದಲ ಇಂಜೆಕ್ಷನ್‌ಗೆ ಮಣಿಪಾಲ, ಹುಬ್ಬಳ್ಳಿ, ಗೋವಾದ ತನಕ ಹೋಗಬೇಕಿಲ್ಲ. ಲಸಿಕೆ ಹಾಕುವಾಗ ಅಲರ್ಜಿಯಾದರೆ ಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಡ್ರಿನಲಿನ್ ಇಟ್ಟಿರುತ್ತಾರೆ. ಹತ್ತಿರದ ಕೇಂದ್ರಕ್ಕೆ ಹೋಗಿ "ಊಟದ ಅಲರ್ಜಿ, ಅಡ್ರಿನಲಿನ್ ಬೇಕು" ಎಂದು ಮೊದಲ ಮಾತಿಗೇ ಹೇಳಿ. ದಾರಿಯಲ್ಲಿ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟಕ್ಕೆ ಕಷ್ಟವಿದ್ದರೆ ಕೂರಿಸಿ. ನಡೆಸಬೇಡಿ. ಸುಧಾರಿಸಿದರೂ ಕೆಲವು ತಾಸು ಅಲ್ಲೇ ಇರಿ, ಲಕ್ಷಣ ಮತ್ತೆ ಮರುಕಳಿಸುವುದುಂಟು.

ಈಗ ನಾನು ಬಸುರಿ. ಚಿಂತೆ ಬಿಡು ಎನ್ನುತ್ತಾರೆ. ಬಿಡುವುದು ಹೇಗೆ?

"ಟೆನ್ಷನ್ ಮಾಡ್ಕೋಬೇಡ" ಎಂದು ಹೇಳುವುದರಿಂದ ಯಾರ ಟೆನ್ಷನ್ನೂ ಇಳಿದಿಲ್ಲ. ಸಂಘದ ಸಾಲದ ಕಂತು, ಗಂಡನ ಕುಡಿತ, "ಈ ಸಲವಾದರೂ ಗಂಡಾಗಲಿ" ಎಂಬ ಮಾತು, ಜೂನ್-ಜುಲೈಯಲ್ಲಿ ಮೀನುಗಾರಿಕೆ ನಿಷೇಧದ 61 ದಿನ ಬೋಟು ದಡದಲ್ಲಿದ್ದಾಗ ಬರಿದಾಗುವ ಡಬ್ಬಿಗಳು, ಹಿಂದೊಮ್ಮೆ ಹೋದ ಮಗುವಿನ ನೆನಪು. ಇವಕ್ಕೆ ಉಪದೇಶ ಮದ್ದಲ್ಲ. ಮನೆಯವರಿಗೆ ನನ್ನ ಮಾತು ಇದು: ಅವಳ ಕೆಲಸ ಒಂದಾದರೂ ಇಳಿಸಿ. ಬಾವಿಯ ನೀರು ಸೇದುವುದನ್ನು ಬೇರೆಯವರು ಮಾಡಲಿ, ಮಧ್ಯಾಹ್ನ ಒಂದು ತಾಸು ಮಲಗಲು ಬಿಡಿ, ತಪಾಸಣೆಗೆ ಗಂಡ ಜೊತೆಗೆ ಬರಲಿ.

ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ, ನಿದ್ದೆ ಹಾರಿದ್ದರೆ, ಎದೆ ಡವಗುಟ್ಟುತ್ತಲೇ ಇದ್ದರೆ ಅದು ಸ್ವಭಾವದ ದೋಷವಲ್ಲ, ಕಾಯಿಲೆ. ಹೆತ್ತ ಮೇಲಿನ ಖಿನ್ನತೆ ಭಾರತದಲ್ಲಿ ಹೆಚ್ಚುಕಡಿಮೆ ಐವರು ತಾಯಂದಿರಲ್ಲಿ ಒಬ್ಬರಿಗೆ ಇದೆ ಎಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಲೆಕ್ಕ ಹಾಕಿತ್ತು. ಎಡಿನ್‌ಬರೋ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಹಾಳೆ ಕನ್ನಡದಲ್ಲೂ ಇದೆ. ಆಸ್ಪತ್ರೆಯಲ್ಲಿ ಕೇಳಿ. ಆಶಾ ಕಾರ್ಯಕರ್ತೆಗೆ ಹೇಳಿ. ಫೋನಿನಲ್ಲಿ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181. ಬದುಕೇ ಬೇಡ ಎನಿಸಿದರೆ ಆ ಹೊತ್ತೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಇದನ್ನೆಲ್ಲ ಮಾಡಬೇಕಾದದ್ದು ಮಗುವಿಗೆ ಅಲರ್ಜಿ ಬರಬಾರದೆಂದಲ್ಲ. ನೀವು ನರಳಬಾರದೆಂದು. ಬಸುರಿಯ ಮನಸ್ಸನ್ನು ಬರೀ ಮಗುವಿನ ಸಲುವಾಗಿ ನೋಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಬಸಿರೆಂದು ಗೊತ್ತಾದ ಕೂಡಲೇ ನಿಲ್ಲಿಸಲೇ?

ಒಮ್ಮೆಲೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸಿದರೆ ನಿಮಗೂ ಮಗುವಿಗೂ ಅಪಾಯ. ಬಸಿರಿನಲ್ಲೂ ಕೊಡಬಹುದಾದ ಮಾತ್ರೆಗಳಿವೆ, ಬದಲಿಸಬೇಕಾದವೂ ಇವೆ. ಅದೇ ವಾರ ನಿಮ್ಮ ಮನೋವೈದ್ಯರಿಗೆ ಮತ್ತು ಹೆರಿಗೆ ವೈದ್ಯರಿಗೆ ತಿಳಿಸಿ.

ಈ ಅಲರ್ಜಿ ದೊಡ್ಡವನಾದಂತೆ ಹೋಗುತ್ತದೆಯೇ?

ಹಾಲು, ಮೊಟ್ಟೆ, ಗೋಧಿ, ಸೋಯಾ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ಶೇಂಗಾದ್ದು ಐವರಲ್ಲಿ ಒಬ್ಬರಿಗೆ ಹೋದರೆ ಹೆಚ್ಚು. ಮೀನು, ಶೆಟ್ಲಿ, ಗೋಡಂಬಿಯದು ಉಳಿಯುವುದೇ ಜಾಸ್ತಿ. ವರ್ಷಕ್ಕೊಮ್ಮೆ ತೋರಿಸುತ್ತಾ ಇರಿ. ಹೋದ ಅಲರ್ಜಿಗೆ ಪಥ್ಯ ಮಾಡುತ್ತಾ ಕೂತ ಮಕ್ಕಳೂ ಇದ್ದಾರೆ.

ಮಗಳಿಗೆ ಶೇಂಗಾ ಅಲರ್ಜಿ ಖಚಿತವಾಗಿದೆ. ಶಾಲೆಗೆ, ಮದುವೆಗೆ, ಜಾತ್ರೆಗೆ ಕಳಿಸಲು ಜೀವ ಬಾಯಿಗೆ ಬರುತ್ತದೆ.

ಈ ಹೆದರಿಕೆ ಸಹಜ. ಅಲರ್ಜಿ ಇರುವ ಮಕ್ಕಳ ತಾಯಂದಿರಲ್ಲಿ ಆತಂಕ ಹೆಚ್ಚು ಎಂದು ಅಧ್ಯಯನಗಳೂ ಹೇಳುತ್ತವೆ. ಬಸಿರಿನ ಚಿಂತೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ ಚಿಂತೆಯನ್ನು ಯಾರೂ ಕೇಳುವುದಿಲ್ಲ. ಇದಕ್ಕೂ 14416ಕ್ಕೆ ಕರೆ ಮಾಡಬಹುದು.

ಒಂದು ಹಾಳೆಯಲ್ಲಿ ಮಗುವಿನ ಫೋಟೊ, ಏನು ತಿನ್ನಬಾರದು, ಏನಾದರೆ ಏನು ಮಾಡಬೇಕು, ಹತ್ತಿರದ ಆಸ್ಪತ್ರೆ, ನಿಮ್ಮ ನಂಬರು ಬರೆದು ಶಾಲೆಯ ಮುಖ್ಯ ಶಿಕ್ಷಕರಿಗೆ, ಬಿಸಿಯೂಟದ ಅಡುಗೆಯವರಿಗೆ ಕೊಡಿ. ಅಡುಗೆ ಮಾಡುವ ಅಕ್ಕನ ಜೊತೆ ಖುದ್ದಾಗಿ ಹತ್ತು ನಿಮಿಷ ಮಾತಾಡಿ. ಯಾವ ಚಟ್ನಿಗೆ, ಯಾವ ಪಲ್ಯಕ್ಕೆ ಶೇಂಗಾ ಬೀಳುತ್ತದೆ ಎಂದು ಸರಿಯಾಗಿ ಗೊತ್ತಿರುವುದು ಅವರಿಗೇ. ಪ್ಯಾಕೆಟ್ ತಿಂಡಿಯ ಹಿಂದೆ ಅಲರ್ಜಿ ತರುವ ಪದಾರ್ಥಗಳ ಹೆಸರು ಬರೆಯಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವಿದೆ, ಓದಿ. ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ಬಿಡಿ ಮಿಠಾಯಿಗೆ ಲೇಬಲ್ ಇರುವುದಿಲ್ಲ. ಅಂಥ ಕಡೆ ಮನೆಯ ಡಬ್ಬಿ ಒಯ್ಯಿರಿ. "ಇಷ್ಟೇ ಇಷ್ಟು ತಿಂದರೆ ಏನಾಗುತ್ತೆ" ಎಂದು ಬಾಯಿಗೆ ಹಿಡಿಯುವ ನೆಂಟರಿಗೆ ಮುಲಾಜಿಲ್ಲದೆ ಬೇಡ ಎನ್ನಿ. ಅದನ್ನೇ ಮಗಳಿಗೂ ಕಲಿಸಿ.

ಮೊದಲ ಮಗುವಿಗೆ ಅಲರ್ಜಿ ಇದೆ. ಎರಡನೆಯದಕ್ಕೆ ಹೆದರಿ ಬಸಿರು ಮುಂದೂಡಬೇಕೇ?

ಬೇಡ. ಅಣ್ಣ-ಅಕ್ಕನಿಗೆ ಅಲರ್ಜಿ ಇದ್ದರೆ ತಮ್ಮ-ತಂಗಿಗೆ ಬರುವ ಸಾಧ್ಯತೆ ಸ್ವಲ್ಪ ಏರುತ್ತದೆ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಮೊದಲೇ ರಕ್ತ ಪರೀಕ್ಷೆ ಮಾಡಿಸುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಸೇದದಿರಲಿ. ಹುಟ್ಟಿದ ಮಗುವಿನ ಚರ್ಮ ಒಣಗಿ ಕೆಂಪಾದರೆ ಬೇಗ ತೋರಿಸಿ. ದೊಡ್ಡವನಿಗೆ ಆಗದ ತಿನಿಸು ಮನೆಯಲ್ಲೇ ಇಲ್ಲದ್ದರಿಂದ ಚಿಕ್ಕದಕ್ಕೂ ಅದು ವರ್ಷಗಟ್ಟಲೆ ಸಿಗದೆ ಹೋಗುವ ಪ್ರಸಂಗ ತುಂಬಾ ನೋಡಿದ್ದೇನೆ. ಆರು ತಿಂಗಳು ತುಂಬುವ ಹೊತ್ತಿಗೆ ಅದನ್ನು ಹೇಗೆ ಶುರು ಮಾಡಬೇಕು, ದೊಡ್ಡವನ ಕೈಗೆ ಸಿಗದಂತೆ ಎಲ್ಲಿಟ್ಟು ತಿನ್ನಿಸಬೇಕು ಎಂಬುದನ್ನು ಐದನೇ ತಿಂಗಳಲ್ಲೇ ಬಂದು ಮಾತಾಡಿಕೊಂಡು ಹೋಗಿ.